ಆನೆಕಾಲು ಗಡ್ಡೆಯ ಬಳ್ಳಿ ಹಳದಿಯಾಗುತ್ತಿದೆ: ನೀರು ಕೊಡಬೇಕೋ, ನಿಲ್ಲಿಸಬೇಕೋ?

ಕಿಟಕಿತೋಟ
ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಡಯೋಸ್ಕೋರಿಯಾ ಎಲಿಫೆಂಟಿಪೆಸ್ ಇದೆ. ಮಾರಿದವರು ಆನೆಕಾಲು ಗಿಡ ಎಂದು ಚೀಟಿ ಅಂಟಿಸಿ ಕೊಟ್ಟಿದ್ದರು. ಗಡ್ಡೆ ಮುಷ್ಟಿ ಗಾತ್ರದ್ದು, ಮೇಲಿನ ತೊಗಟೆ ಆಳವಾಗಿ ಬಿರುಕು ಬಿಟ್ಟಿದೆ. ಚಳಿಗಾಲವಿಡೀ ಬಳ್ಳಿ ಕಿಟಕಿಯ ಸರಳನ್ನು ಸುತ್ತಿಕೊಂಡು ಹುಲುಸಾಗಿ ಹಬ್ಬಿತ್ತು. ಬಿಸಿಲು ಏರತೊಡಗಿದ ಮೇಲೆ ಕೆಳಗಿನ ಎಲೆಗಳು ಹಳದಿಯಾಗಿ, ಈಗ ಅರ್ಧ ಬಳ್ಳಿಯೇ ಬಣ್ಣಗೆಟ್ಟಿದೆ.

ಮನೆಯಲ್ಲಿ ಎರಡು ಪಕ್ಷ. ಅಪ್ಪನ ಪ್ರಕಾರ ಗಿಡಕ್ಕೆ ಬಾಯಾರಿದೆ. ಅಕ್ಕನ ಪ್ರಕಾರ ಕೊಳೆತಿದೆ, ಎಸೆಯಬೇಕು. ಗಡ್ಡೆ ಒತ್ತಿದರೆ ಗಟ್ಟಿಯಾಗಿಯೇ ಇದೆ, ವಾಸನೆ ಇಲ್ಲ. ನೀರು ಹೆಚ್ಚಿಸಲೇ, ನಿಲ್ಲಿಸಲೇ? ಇನ್ನೊಂದು ಸಂದೇಹ: ಗಡ್ಡೆಯನ್ನು ಮಣ್ಣಿನಲ್ಲಿ ಹೂತಿಟ್ಟರೆ ಬೇಗ ದಪ್ಪವಾಗುತ್ತದೆ ಎನ್ನುತ್ತಾರೆ. ನಿಜವೇ?

ನೀರುಗಾರ
ಖಂಡಿತ ನಿಲ್ಲಿಸಬೇಡಿ. ನನ್ನ ಬಳಿಯೂ ಇದೇ ಗಿಡ ಇದೆ, ಬೇಸಿಗೆಯಲ್ಲಿಯೇ ಅದರ ಅಬ್ಬರ. ಸೆಕೆಯಲ್ಲಿ ಬೆಳೆಯುವ ಗಿಡಕ್ಕೆ ನೀರು ನಿಲ್ಲಿಸಿ ಎನ್ನುವುದು ಯಾವ ನ್ಯಾಯ? ನಿಮ್ಮ ತಂದೆಯವರು ಹೇಳಿದ್ದೇ ಸರಿ.

ಒಣಮಣ್ಣು
ನೀರುಗಾರರೇ, ಸ್ವಲ್ಪ ತಡೆಯಿರಿ. ಎಲಿಫೆಂಟಿಪೆಸ್ ದಕ್ಷಿಣ ಆಫ್ರಿಕಾದ ಕೇಪ್ ಭಾಗದ ಒಣ, ಕಲ್ಲು ಇಳಿಜಾರುಗಳ ಗಿಡ. ಅದು ಸಾಮಾನ್ಯವಾಗಿ ತಂಪು ತಿಂಗಳುಗಳಲ್ಲಿ ಬಳ್ಳಿ ಬಿಡುತ್ತದೆ, ಸೆಕೆ ಬಂದಾಗ ಬಳ್ಳಿಯನ್ನು ಒಣಗಿಸಿ ಕಳಚಿಬಿಟ್ಟು ಬರೀ ಗಡ್ಡೆಯಾಗಿ ಮಲಗುತ್ತದೆ. ಕಿಟಕಿತೋಟದವರ ಗಿಡ ಮಾಡುತ್ತಿರುವುದು ಅದನ್ನೇ. ಎಲೆಯಿಲ್ಲದ ಗಡ್ಡೆ ನೀರು ಹೀರುವುದಿಲ್ಲ. ಸೆಕೆಯಲ್ಲಿ ಒದ್ದೆ ಮಣ್ಣಿನ ಮೇಲೆ ಅದನ್ನು ಕೂರಿಸಿದರೆ ಅಕ್ಕನವರ ಮಾತು ನಿಜವಾಗಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ನೀರನ್ನು ಕ್ರಮೇಣ ಕಡಿಮೆ ಮಾಡಿ. ಬಳ್ಳಿ ಪೂರ್ತಿ ಒಣಗಿದ ಮೇಲೆ ನಿಲ್ಲಿಸಿ. ಕುಂಡವನ್ನು ನೆರಳಿರುವ, ಗಾಳಿಯಾಡುವ ಜಾಗಕ್ಕೆ ಸರಿಸಿ.

ನೀರುಗಾರ
ನಾನು ಕಣ್ಣಾರೆ ನೋಡುತ್ತಿರುವುದನ್ನು ಹೇಳುತ್ತಿದ್ದೇನೆ. ಈ ಕ್ಷಣವೂ ನನ್ನ ಗಿಡದಲ್ಲಿ ಹೊಸ ಚಿಗುರು ಇದೆ. ಪುಸ್ತಕ ಓದಿ ಗಿಡ ಬೆಳೆಸುವವರಿಗೆ ನಮಸ್ಕಾರ.

ಒಣಮಣ್ಣು
ನಮಸ್ಕಾರ ಸ್ವೀಕರಿಸಿದ್ದೇನೆ. ಕುಂಡವನ್ನೂ ನೋಡುತ್ತೇನೆ, ಪುಸ್ತಕವನ್ನೂ ಓದುತ್ತೇನೆ.

ಹಳೆಹುಲಿ
ಇಬ್ಬರೂ ತಿಂಗಳ ಲೆಕ್ಕದಲ್ಲಿ ಜಗಳವಾಡುತ್ತಿದ್ದೀರಿ. ಈ ಗಿಡದ ವಿಷಯದಲ್ಲಿ ಪಂಚಾಂಗ ಕೆಲಸಕ್ಕೆ ಬರುವುದಿಲ್ಲ. ದಕ್ಷಿಣ ಗೋಳಾರ್ಧದ ಚಳಿಗಾಲ ಉತ್ತರದವರಿಗೆ ಬೇಸಿಗೆ. ಗಡ್ಡೆಯನ್ನು ಆ ಕಡೆಯಿಂದ ಈ ಕಡೆಗೆ ತಂದರೆ ಅದು ಹೊಸ ಋತುಮಾನಕ್ಕೆ ಹೊಂದಿಕೊಳ್ಳುವ ತನಕ ಯಾವ ತಿಂಗಳಲ್ಲಿ ಬೇಕಾದರೂ ಚಿಗುರಬಹುದು. ಅಷ್ಟೇ ಅಲ್ಲ, ಕೇಪ್‌ನ ಪಶ್ಚಿಮ ಭಾಗದಲ್ಲಿ ಮಳೆ ಚಳಿಗಾಲದ್ದು. ಪೂರ್ವಕ್ಕೆ ಹೋದಂತೆ ಬೇಸಿಗೆಯಲ್ಲಿಯೂ ಮಳೆ ಬೀಳುತ್ತದೆ. ಗಿಡದ ಮೂಲ ಯಾವ ಕಡೆಯದು ಎಂಬುದರ ಮೇಲೆ ಅದರ ಚಾಳಿಯೂ ಬದಲಾಗುತ್ತದೆ.

ಚಿಗುರು ಕಂಡರೆ ನೀರು ಆರಂಭಿಸಿ, ಹಳದಿ ಕಂಡರೆ ಕಡಿಮೆ ಮಾಡಿ, ಬಳ್ಳಿ ಬಿದ್ದರೆ ನಿಲ್ಲಿಸಿ. ಯಾವ ತಿಂಗಳಾದರೂ ಸರಿ. ಬರೀ ಗಡ್ಡೆಯನ್ನು ನೋಡಿ ಮರುಗಿ ನೀರೆರೆಯುವುದರಿಂದ ಅದು ಎಚ್ಚರವಾಗುವುದಿಲ್ಲ. ರಾತ್ರಿಗಳು ತಂಪಾಗತೊಡಗಿದಾಗ ತಾನೇ ಏಳುತ್ತದೆ.

ಅರೆಮನಸ್ಕ
ಹಳದಿಯಾದ ಬಳ್ಳಿಯನ್ನು ಈಗಲೇ ಕತ್ತರಿಸಬಹುದೇ? ನೋಡಲು ಅಸಹ್ಯವಾಗಿರುತ್ತದೆ.

ಹಳೆಹುಲಿ
ಬೇಡ. ಎಲೆಯಲ್ಲಿರುವ ಸತ್ವ ಗಡ್ಡೆಗೆ ಇಳಿಯುವ ಹೊತ್ತು ಅದು. ಪೂರ್ತಿ ಒಣಗಿ ಗರಿಗರಿಯಾದ ಮೇಲೆ ತಾನೇ ಕಳಚುತ್ತದೆ, ಇಲ್ಲವಾದರೆ ಮೆಲ್ಲಗೆ ಮುರಿದು ತೆಗೆಯಿರಿ. ಅಸಹ್ಯ ಅನ್ನಿಸಿದರೆ ಅಷ್ಟು ದಿನ ಬೇರೆ ಕಡೆ ನೋಡಿ.

ಸಸ್ಯವಿದ್ಯಾರ್ಥಿ
ನೀರುಗಾರ ಮತ್ತು ಒಣಮಣ್ಣು ಇಬ್ಬರೂ ತಮ್ಮ ಗಿಡದ ಬಗ್ಗೆ ಹೇಳುತ್ತಿರುವುದು ನಿಜವೇ ಇರಬಹುದು. ಗಿಡಗಳೇ ಬೇರೆ ಬೇರೆ ಎಂಬುದು ನನ್ನ ಗುಮಾನಿ.

ಆನೆಕಾಲು ಎಂಬ ಚೀಟಿಯಡಿ ಕನಿಷ್ಠ ಮೂರು ಬಗೆಗಳು ಮಾರಾಟವಾಗುತ್ತವೆ. ಒಂದು, ದಕ್ಷಿಣ ಆಫ್ರಿಕಾದ ಎಲಿಫೆಂಟಿಪೆಸ್. ಎರಡು, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಡಯೋಸ್ಕೋರಿಯಾ ಮೆಕ್ಸಿಕಾನಾ. ಅದರ ಗಡ್ಡೆಯ ಮೇಲೂ ಇಂಥದೇ ಬಿರುಕು ತೊಗಟೆ ಇರುತ್ತದೆ, ಆದರೆ ಅದು ಬೇಸಿಗೆಯಲ್ಲಿ ಬೆಳೆಯುವ ಗಿಡ. ಮೂರು, ಆಫ್ರಿಕಾದ್ದೇ ಆದ ಸಿಲ್ವಾಟಿಕಾ. ಗಡ್ಡೆ ಹೆಚ್ಚು ಚಪ್ಪಟೆ, ಬಿರುಕು ಅಷ್ಟು ಆಳವಲ್ಲ, ಸಾಮಾನ್ಯವಾಗಿ ಇದೂ ಬೇಸಿಗೆಯದ್ದೇ.

ಎಲೆ ನೋಡಿದರೆ ಮೊದಲಿನ ಎರಡರ ವ್ಯತ್ಯಾಸ ಸುಲಭ. ಎಲಿಫೆಂಟಿಪೆಸ್‌ನ ಎಲೆ ಚಿಕ್ಕದು, ಉದ್ದಕ್ಕಿಂತ ಅಗಲ ಹೆಚ್ಚು, ತುದಿ ಮೊಂಡಾಗಿದ್ದು ನಡುವೆ ಚಿಕ್ಕದೊಂದು ಮೊನೆ ಇರುತ್ತದೆ. ಮೆಕ್ಸಿಕಾನಾದ ಎಲೆ ದೊಡ್ಡದು, ಹೃದಯದ ಆಕಾರ, ತುದಿ ಉದ್ದಕ್ಕೆ ಎಳೆದಂತೆ ಚೂಪಾಗಿರುತ್ತದೆ. ಇಬ್ಬರೂ ಎಲೆ ನೋಡಿ ಹೇಳಿ.

ಕಿಟಕಿತೋಟ
ನನ್ನದು ಚಿಕ್ಕದು, ಅಗಲ ಹೆಚ್ಚು, ತುದಿ ಮೊಂಡು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೆ.

ಸಸ್ಯವಿದ್ಯಾರ್ಥಿ
ಹಾಗಾದರೆ ನಿಮ್ಮದು ಎಲಿಫೆಂಟಿಪೆಸ್. ಮಲಗಲು ಹೊರಟಿದೆ, ಬಿಡಿ. ನೀರುಗಾರರೇ, ನಿಮ್ಮದು?

ಮುಳ್ಳುಹಂದಿ
ನೀರುಗಾರರ ಮೌನವೇ ಉತ್ತರ ಎಂದು ತಿಳಿಯೋಣವೇ?

ನೀರುಗಾರ
ಕೆಲಸದಲ್ಲಿದ್ದೆ ಮಾರಾಯರೇ. ಎಲೆ ಅಂಗೈಯಷ್ಟಿದೆ. ತುದಿ ಚೂಪಾಗಿದೆ. ಚೀಟಿಯಲ್ಲಿ ಮಾತ್ರ ಸ್ಪಷ್ಟವಾಗಿ ಎಲಿಫೆಂಟಿಪೆಸ್ ಎಂದೇ ಬರೆದಿದೆ.

ಒಣಮಣ್ಣು
ಚೀಟಿಗೆ ನೀರು ಹಾಕಬೇಡಿ, ಅಷ್ಟು ಸಾಕು.

ನೀರುಗಾರ
ನನ್ನ ಗಿಡಕ್ಕೆ ನಾನು ಕೊಡುತ್ತಿದ್ದ ನೀರು ಸರಿಯಾಗಿಯೇ ಇತ್ತು ಎಂಬುದನ್ನು ಗಮನಿಸಬೇಕಾಗಿ ವಿನಂತಿ.

ರಸಾಯನಪ್ರಿಯ
ಮೆಕ್ಸಿಕಾನಾ ಸಿಕ್ಕಿದ್ದರೆ ಬೇಸರ ಬೇಡ, ಅದು ಚರಿತ್ರೆ ಇರುವ ಗಿಡ. 1940ರ ದಶಕದ ಆರಂಭದಲ್ಲಿ ರಸೆಲ್ ಮಾರ್ಕರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಮೆಕ್ಸಿಕೋದ ವೆರಾಕ್ರೂಜ್ ಭಾಗಕ್ಕೆ ಹೋಗಿ ಇದರ ಗಡ್ಡೆಗಳನ್ನು ಹುಡುಕಿ ತಂದರು. ಅದರಲ್ಲಿರುವ ಡಯೋಸ್‌ಜೆನಿನ್ ಎಂಬ ರಾಸಾಯನಿಕದಿಂದ ಪ್ರೊಜೆಸ್ಟರಾನ್ ಹಾರ್ಮೋನನ್ನು ತಯಾರಿಸಿದರು. ಅಲ್ಲಿಯವರೆಗೆ ಅದು ಸಿಗುತ್ತಿದ್ದುದು ಚೂರುಪಾರು, ಬೆಲೆ ಕೇಳುವಂತಿರಲಿಲ್ಲ. 1944ರಲ್ಲಿ ಮೆಕ್ಸಿಕೋ ನಗರದಲ್ಲಿ ಸಿಂಟೆಕ್ಸ್ ಕಂಪನಿ ಹುಟ್ಟಿದ್ದು ಈ ಕೆಲಸದ ಮೇಲೆಯೇ. ಮುಂದೆ 1951ರಲ್ಲಿ ಅದೇ ಕಂಪನಿಯ ಪ್ರಯೋಗಾಲಯದಲ್ಲಿ ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ನೊರೆಥಿಂಡ್ರೋನ್ ಎಂಬ ಕೃತಕ ಹಾರ್ಮೋನ್ ತಯಾರಾಯಿತು. ಗರ್ಭನಿರೋಧಕ ಮಾತ್ರೆಗಳ ಚರಿತ್ರೆ ಅಲ್ಲಿಂದ ಬೆಳೆಯುತ್ತದೆ.

ಅರೆಮನಸ್ಕ
ಅಂದರೆ ಈ ಗಡ್ಡೆಯನ್ನು ತಿಂದರೆ ಹಾರ್ಮೋನ್ ಸಿಗುತ್ತದೆ!

ರಸಾಯನಪ್ರಿಯ
ಇಲ್ಲ ಇಲ್ಲ, ದಯವಿಟ್ಟು ಹಾಗೆ ಹಬ್ಬಿಸಬೇಡಿ. ಡಯೋಸ್‌ಜೆನಿನ್ ಅನ್ನು ಪ್ರೊಜೆಸ್ಟರಾನ್ ಆಗಿಸುವುದು ಪ್ರಯೋಗಾಲಯದ ಹಲವು ಹಂತಗಳ ಕೆಲಸ, ಮನುಷ್ಯರ ದೇಹಕ್ಕೆ ಅದು ಸಾಧ್ಯವಿಲ್ಲ. ಮೇಲಾಗಿ ಇವುಗಳಲ್ಲಿ ಸಪೋನಿನ್ ಎಂಬ, ಹೊಟ್ಟೆ ಕೆಡಿಸಬಲ್ಲ ವಸ್ತುಗಳಿವೆ. ಅಲಂಕಾರಕ್ಕೆ ಇಟ್ಟ ಗಿಡವನ್ನು ಬಾಯಿಗೆ ಇಡಬೇಡಿ, ಮನೆಯಲ್ಲಿ ಬೆಕ್ಕು ನಾಯಿಗಳಿದ್ದರೆ ಕೈಗೆಟುಕದ ಜಾಗದಲ್ಲಿಡಿ.

ಮುಳ್ಳುಹಂದಿ
ಬೆಕ್ಕಿಗೆ ಕೈಗೆಟುಕದ ಜಾಗ ಯಾವ ಮನೆಯಲ್ಲಿದೆ ತಿಳಿಸಿದರೆ ಉಪಕಾರವಾಗುತ್ತದೆ.

ಸಸ್ಯವಿದ್ಯಾರ್ಥಿ
ಇದಕ್ಕೆ ಸೇರಿಸಬೇಕಾದ ಒಂದು ಕಹಿ ಮಾತಿದೆ. ಇದೇ ಡಯೋಸ್‌ಜೆನಿನ್‌ಗಾಗಿ 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಲ್ವಾಟಿಕಾ ಗಡ್ಡೆಗಳನ್ನು ಕಾಡಿನಿಂದ ಭಾರೀ ಪ್ರಮಾಣದಲ್ಲಿ ಅಗೆದರು. ನಿಧಾನವಾಗಿ ಬೆಳೆಯುವ ಗಡ್ಡೆ, ತೆಗೆದ ಜಾಗ ಮತ್ತೆ ತುಂಬುವುದು ಸುಲಭವಲ್ಲ.

ಗಡ್ಡೆಗಣ್ಣು
ಹೂಳುವ ಪ್ರಶ್ನೆಯನ್ನು ಎಲ್ಲರೂ ಮರೆತಿದ್ದೀರಿ. ನಾನು ಹೂಳುವ ಪಕ್ಷ. ಮೊಳಕೆಯ ಗಡ್ಡೆಯನ್ನು ಮೊದಲ ಕೆಲವು ವರ್ಷ ಮಣ್ಣಿನೊಳಗೇ ಬಿಟ್ಟರೆ ತೇವ ಸಮವಾಗಿರುತ್ತದೆ, ಬಿಸಿಲು ನೇರವಾಗಿ ಬೀಳುವುದಿಲ್ಲ, ಬೇಗ ದಪ್ಪವಾಗುತ್ತದೆ.

ಒಣಮಣ್ಣು
ಮೊಳಕೆಗೆ ಒಪ್ಪುತ್ತೇನೆ. ಮುಷ್ಟಿ ಗಾತ್ರದ ಗಡ್ಡೆಗೆ ಒಪ್ಪುವುದಿಲ್ಲ. ತೊಗಟೆ ಬೆಳೆದ ಗಡ್ಡೆಯನ್ನು ಮನೆಯೊಳಗಿನ ಗಾಳಿಯಿಲ್ಲದ ಮೂಲೆಯಲ್ಲಿ ಹೂತರೆ ಬಿರುಕುಗಳ ನಡುವೆ ತೇವ ಕೂರುತ್ತದೆ, ಕೊಳೆತರೆ ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಅದರ ಸ್ವಂತ ನೆಲದಲ್ಲಿಯೂ ದೊಡ್ಡ ಗಡ್ಡೆ ಅರ್ಧ ಹೊರಗೇ ಇರುತ್ತದೆ. ಕೆಳಗಿನ ಕಾಲುಭಾಗ ಮಣ್ಣಿನಲ್ಲಿದ್ದರೆ ಧಾರಾಳ ಸಾಕು, ಬೇರು ಹೊರಡುವುದು ಅಲ್ಲಿಂದಲೇ.

ಗಡ್ಡೆಗಣ್ಣು
ಗಡ್ಡೆ ಎಂದರೆ ಬೇರು ತಾನೇ? ಬೇರನ್ನು ಹೂಳಿದರೆ ತಪ್ಪೇನು?

ಸಸ್ಯವಿದ್ಯಾರ್ಥಿ
ಈ ಗಿಡದಲ್ಲಿ ಅದು ಬೇರಲ್ಲ. ಕಾಂಡದ ಬುಡದ ಭಾಗ ಉಬ್ಬಿ ಆದದ್ದು, ನಿಜವಾದ ಬೇರುಗಳು ಅದರ ತಳದಿಂದ ಹೊರಡುತ್ತವೆ. ಮರುಭೂಮಿ ಗುಲಾಬಿ ಎನ್ನುವ ಅಡೇನಿಯಂ ಗಿಡದಲ್ಲಿ ಕಾಂಡದ ಬುಡವೂ ಬೇರೂ ಎರಡೂ ಉಬ್ಬುತ್ತವೆ, ಅದಕ್ಕೇ ಜನ ಕುಂಡ ಬದಲಿಸುವಾಗಲೆಲ್ಲ ಅದನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತಿ ಬೇರನ್ನು ಪ್ರದರ್ಶನಕ್ಕೆ ಇಡುವುದು. ಆ ಅಭ್ಯಾಸವನ್ನು ಇಲ್ಲಿಗೆ ತಂದರೆ ಉಪಯೋಗವಿಲ್ಲ, ಎತ್ತಲು ಅಲ್ಲಿ ದಪ್ಪ ಬೇರೇ ಇಲ್ಲ.

ಗಡ್ಡೆಗಣ್ಣು
ಸರಿ. ಆದರೂ ಚಿಕ್ಕದನ್ನು ಹೂಳುವ ವಿಷಯದಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಸರಿಯುವುದಿಲ್ಲ.

ಬೆಳಕಿಂಡಿ
ಕಿಟಕಿ ಯಾವ ದಿಕ್ಕಿಗಿದೆ ಎಂದು ಯಾರೂ ಕೇಳಲಿಲ್ಲ! ಮನೆಯೊಳಗೆ ಇದಕ್ಕೆ ನೀರಿಗಿಂತ ದೊಡ್ಡ ಸಮಸ್ಯೆ ಬೆಳಕು. ಇದರ ಆಸೆ ವಿಚಿತ್ರ: ಎಲೆಗೆ ಪ್ರಖರ ಬೆಳಕು ಬೇಕು, ಗಡ್ಡೆಗೆ ನೆರಳು ಬೇಕು. ಸ್ವಂತ ನೆಲದಲ್ಲಿ ಗಡ್ಡೆ ಪೊದೆಯ ಬುಡದಲ್ಲಿ ಕುಳಿತು, ಬಳ್ಳಿಯನ್ನು ಪೊದೆಯ ನೆತ್ತಿಗೆ ಹತ್ತಿಸುತ್ತದೆ. ಮನೆಯಲ್ಲಿ ಇದನ್ನು ಅನುಕರಿಸುವುದು ಕಷ್ಟವೇನಲ್ಲ. ಕುಂಡವನ್ನು ಕಿಟಕಿಯ ಕಟ್ಟೆಗಿಂತ ಕೆಳಗೆ ಸ್ಟೂಲ್ ಮೇಲಿಡಿ, ಬಳ್ಳಿ ಗಾಜಿನ ಎದುರಿಗೆ ಏರುವಂತೆ ತಂತಿ ಅಥವಾ ಕಡ್ಡಿ ಕೊಡಿ. ಉತ್ತರ ಗೋಳಾರ್ಧದಲ್ಲಿದ್ದರೆ ದಕ್ಷಿಣದ ಕಿಟಕಿ, ದಕ್ಷಿಣ ಗೋಳಾರ್ಧದಲ್ಲಿದ್ದರೆ ಉತ್ತರದ ಕಿಟಕಿ. ಅದಿಲ್ಲವಾದರೆ ಎಲ್‌ಇಡಿ ದೀಪ.

ಬಳ್ಳಿ ಎಲೆ ಬಿಡದೆ ಬರೀ ಉದ್ದಕ್ಕೆ ಓಡುತ್ತಿದ್ದರೆ ಗಾಬರಿಯಾಗಬೇಡಿ, ಮೊದಲಿಗೆ ಅದು ಹಾಗೆಯೇ ಓಡುತ್ತದೆ, ಎಲೆ ಆಮೇಲೆ ಬಿಚ್ಚುತ್ತದೆ. ಎಲೆ ಬಿಚ್ಚಿದ ಮೇಲೂ ಗೆಣ್ಣುಗಳ ನಡುವೆ ತೀರಾ ಅಂತರವಿದ್ದು ಎಲೆ ಪೇಲವವಾಗಿದ್ದರೆ ಬೆಳಕು ಸಾಲದು ಎಂದೇ ಅರ್ಥ.

ಕಿಟಕಿತೋಟ
ಗಡ್ಡೆಯನ್ನೇ ಬಿಸಿಲಿಗೆ ತಿರುಗಿಸಿ ಇಟ್ಟಿದ್ದೆ. ಇಂದೇ ಕೆಳಗಿಳಿಸುತ್ತೇನೆ. ಮಣ್ಣು ಹೇಗಿರಬೇಕು?

ಒಣಮಣ್ಣು
ಅರ್ಧಕ್ಕಿಂತ ಹೆಚ್ಚು ಭಾಗ ಕಲ್ಲಿನಂಥದ್ದಿರಲಿ: ಪ್ಯೂಮಿಸ್, ಪರ್ಲೈಟ್, ದಪ್ಪ ಮರಳು, ಏನು ಸಿಗುತ್ತದೋ ಅದು. ಉಳಿದದ್ದು ಸಾಧಾರಣ ಕುಂಡದ ಮಣ್ಣು. ನೀರು ಹೊಯ್ದರೆ ಮೇಲೆ ನಿಲ್ಲದೆ ತಕ್ಷಣ ತಳದಿಂದ ಹೊರಗೆ ಬರಬೇಕು. ನಯವಾದ ಮರಳು ಮಾತ್ರ ಬೇಡ, ಅದು ಸಂದುಗಳನ್ನೆಲ್ಲ ಮುಚ್ಚುತ್ತದೆ. ಬೆಳೆಯುವ ಕಾಲದಲ್ಲಿ ಕುಂಡ ಪೂರ್ತಿ ನೆನೆಯುವಂತೆ ಹಾಕಿ, ಬಹುತೇಕ ಒಣಗಿದ ಮೇಲೆ ಮತ್ತೆ ಹಾಕಿ. ಚಮಚದಲ್ಲಿ ದಿನವೂ ಚಿಮುಕಿಸುವ ಪದ್ಧತಿ ಯಾರು ಕಲಿಸಿದರೋ, ಅದರಿಂದ ಮೇಲಿನ ಮಣ್ಣು ಸದಾ ಒದ್ದೆ, ಬೇರಿರುವ ಕೆಳಗಿನ ಮಣ್ಣು ಸದಾ ಒಣ.

ನೀರುಗಾರ
ಮಣ್ಣಿನ ಕುಂಡವೋ ಪ್ಲಾಸ್ಟಿಕ್ಕೋ?

ಒಣಮಣ್ಣು
ನಿಮಗೆ ಮಣ್ಣಿನ ಕುಂಡ. ಬೇಗ ಒಣಗುತ್ತದೆ, ನಿಮ್ಮ ಕೈ ತಡೆಯುವುದಿಲ್ಲವಲ್ಲ.

ಬೀಜಬುಟ್ಟಿ
ದೊಡ್ಡ ಗಡ್ಡೆಗಳನ್ನು ಕೊಳ್ಳುವ ಬಗ್ಗೆ ಒಂದು ಎಚ್ಚರಿಕೆ. ಬೇರಿಲ್ಲದ, ಮೈಮೇಲೆ ಹಳೆಯ ಗಾಯಗಳಿರುವ, ಒಂದು ಬದಿ ಕಲ್ಲಿಗೆ ಒತ್ತಿ ಚಪ್ಪಟೆಯಾದ ಭಾರೀ ಗಡ್ಡೆ ಮಾರಾಟಕ್ಕೆ ಬಂದರೆ ಅದು ಯಾವುದೋ ಬೆಟ್ಟದಿಂದ ಕಿತ್ತು ತಂದದ್ದಿರಬಹುದು. ಇಂಥವು ಬದುಕುವುದೂ ಅಪರೂಪ. ಸಂಗ್ರಹದಲ್ಲಿದ್ದ ಸತ್ವ ಬಳಸಿ ಒಮ್ಮೆ ಚಿಗುರುತ್ತವೆ, ಕೊಂಡವರು ಸಂಭ್ರಮಿಸುತ್ತಾರೆ, ಬೇರು ಹಿಡಿಯದೆ ಆಮೇಲೆ ಕುಗ್ಗುತ್ತವೆ.

ಬೀಜದಿಂದ ಬೆಳೆಸುವುದು ಹೇಳಿದಷ್ಟು ಕಷ್ಟವಲ್ಲ. ಬೀಜಕ್ಕೆ ತೆಳುವಾದ ರೆಕ್ಕೆ ಇರುತ್ತದೆ. ತಂಪು ಕಾಲ ಆರಂಭವಾಗುವಾಗ ತೆಳ್ಳಗೆ ಮಣ್ಣು ಮುಚ್ಚಿ ಬಿತ್ತಿ. ತಾಜಾ ಬೀಜ ಕೆಲವು ವಾರಗಳಲ್ಲಿ ಮೊಳೆಯುತ್ತದೆ. ಮೊದಲು ಒಂದೇ ಒಂದು ಎಲೆ ಬರುತ್ತದೆ, ಕೆಳಗೆ ಬಟಾಣಿಯಷ್ಟು ಗಡ್ಡೆ ಕಟ್ಟುತ್ತದೆ. ತೊಗಟೆ ಬಿರಿದು ಆ ಪ್ರಸಿದ್ಧ ರೂಪ ಬರಲು ವರ್ಷಗಳು ಬೇಕು. ತಾಳ್ಮೆ ಇಲ್ಲದವರು ಬೇರೆ ಗಿಡ ನೋಡಿಕೊಳ್ಳಿ. ಚಿಕ್ಕ ಮೊಳಕೆಗೆ ದೊಡ್ಡ ಗಡ್ಡೆಯ ನಿಯಮ ಅನ್ವಯಿಸುವುದಿಲ್ಲ. ಎಲೆ ಹಸಿರಾಗಿರುವವರೆಗೂ ಋತು ಯಾವುದೇ ಇರಲಿ ನೀರು ಕೊಡುತ್ತಲೇ ಇರಿ, ಅಷ್ಟು ಸಣ್ಣ ಗಡ್ಡೆಯಲ್ಲಿ ದೀರ್ಘ ಒಣಗಾಲಕ್ಕೆ ಸಾಕಾಗುವಷ್ಟು ಸಂಗ್ರಹವಿರುವುದಿಲ್ಲ.

ಅರೆಮನಸ್ಕ
ವರ್ಷಗಳು ಎಂದರೆ ಎಷ್ಟು ವರ್ಷ? ನನಗೆ ಈಗಲೇ ವಯಸ್ಸಾಗಿದೆ.

ಹಳೆಹುಲಿ
ಗಿಡ ನಿಮ್ಮ ನಂತರವೂ ಇರುತ್ತದೆ, ಆ ಬಗ್ಗೆ ಯೋಚನೆ ಬೇಡ. ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ತೋಟದಲ್ಲಿ ಫೋಕಿಯಾ ಎಂಬ ಇನ್ನೊಂದು ಗಡ್ಡೆ ಗಿಡ ಇದೆ. ಅದೂ ದಕ್ಷಿಣ ಆಫ್ರಿಕಾದ್ದು, 18ನೆಯ ಶತಮಾನದ ಕೊನೆಯಲ್ಲಿ ತಂದದ್ದು, ಅಂದಿನಿಂದ ಕುಂಡದಲ್ಲಿಯೇ ಬದುಕಿದೆ.

ಮುಳ್ಳುಹಂದಿ
ಕುಂಡದ ದಾಖಲೆ ಎಂದರೆ ಲಂಡನ್ನಿನ ಕ್ಯೂ ಉದ್ಯಾನದ ಸೈಕಾಡ್, ಅಂದರೆ ತಾಳೆಯಂತೆ ಕಾಣುವ ಗಿಡ, ಅದನ್ನು ಹೇಳಬೇಕು. ಸಸ್ಯ ಸಂಗ್ರಾಹಕ ಫ್ರಾನ್ಸಿಸ್ ಮ್ಯಾಸನ್ ತಂದದ್ದು, 1775ರಲ್ಲಿ ಅಲ್ಲಿಗೆ ತಲುಪಿತು.

ಹಳೆಹುಲಿ
ಸೈಕಾಡ್ ಗಡ್ಡೆ ಗಿಡವಲ್ಲ.

ಮುಳ್ಳುಹಂದಿ
ಕುಂಡ ಕುಂಡವೇ ತಾನೇ?

ಸಸ್ಯವಿದ್ಯಾರ್ಥಿ
ವಿಷಯಾಂತರಕ್ಕೆ ನನ್ನದೂ ಒಂದು ಪಾಲು. ಎಲಿಫೆಂಟಿಪೆಸ್ ಅನ್ನು 1789ರಲ್ಲಿ ಮೊದಲು ಹೆಸರಿಸಿದಾಗ ಟೇಮಸ್ ಕುಲಕ್ಕೆ ಸೇರಿಸಿದ್ದರು. ಆಮೇಲೆ ಟೆಸ್ಟುಡಿನೇರಿಯಾ ಎಂದಾಯಿತು. ಡಯೋಸ್ಕೋರಿಯಾ ಕುಲಕ್ಕೆ, ಅಂದರೆ ಹೆಗ್ಗೆಣಸಿನ ಕುಲಕ್ಕೆ ಬಂದದ್ದು 1908ರಲ್ಲಿ. ಹಳೆಯ ಚೀಟಿಗಳಲ್ಲಿ ಟೆಸ್ಟುಡಿನೇರಿಯಾ ಎಂದು ಕಂಡರೆ ಬೇರೆ ಗಿಡ ಎಂದುಕೊಂಡು ಎರಡನೆಯದನ್ನು ಕೊಳ್ಳಬೇಡಿ.

ನಿರ್ವಾಹಕ
ಸೈಕಾಡ್ ಚರ್ಚೆಗೆ ಬೇರೆ ಎಳೆ ಇದೆ. ಎಳೆ ಆರಂಭಿಸಿದವರಿಗೆ ಬೇಕಾದದ್ದು ಸಿಕ್ಕಿತೇ?

ಕಿಟಕಿತೋಟ
ಬಹುತೇಕ ಸಿಕ್ಕಿತು. ನೀರು ಕಡಿಮೆ ಮಾಡುತ್ತೇನೆ, ಗಡ್ಡೆಯನ್ನು ನೆರಳಿಗೆ ಸರಿಸುತ್ತೇನೆ, ಬಳ್ಳಿಯನ್ನು ಕತ್ತರಿಸುವುದಿಲ್ಲ. ಅಕ್ಕನಿಗೆ ಇದನ್ನೆಲ್ಲ ಓದಿ ಹೇಳಿದೆ. ಗಡ್ಡೆ ಸತ್ತಿದೆಯೋ ಮಲಗಿದೆಯೋ ಎಂದು ಹೇಗೆ ಗೊತ್ತಾಗಬೇಕು ಎಂದು ಕೇಳುತ್ತಿದ್ದಾಳೆ.

ಒಣಮಣ್ಣು
ಒಳ್ಳೆಯ ಪ್ರಶ್ನೆ. ಕುಂಡ ಸಮೇತ ಎತ್ತಿ ತೂಕದ ಅಂದಾಜು ಇಟ್ಟುಕೊಳ್ಳಿ. ಮಲಗಿದ ಗಡ್ಡೆ ಗಟ್ಟಿಯಾಗಿ, ಭಾರವಾಗಿಯೇ ಇರುತ್ತದೆ. ತಳದ ಅಂಚನ್ನೂ ಬಳ್ಳಿ ಹೊರಡುವ ಜಾಗವನ್ನೂ ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಮೆತ್ತಗಾಗಿದ್ದರೆ, ದ್ರವ ಒಸರುತ್ತಿದ್ದರೆ, ದುರ್ವಾಸನೆ ಬಂದರೆ ಕೊಳೆತ. ಆಗ ಕುಂಡದಿಂದ ತೆಗೆದು, ಆರೋಗ್ಯವಾದ ಭಾಗ ಕಾಣುವವರೆಗೆ ಶುದ್ಧವಾದ ಚಾಕುವಿನಿಂದ ಕತ್ತರಿಸಿ ಒಣಗಲು ಬಿಡಬೇಕು. ಹಾಗೆ ಉಳಿಸಿದ ಸ್ನೇಹಿತರೊಬ್ಬರ ಗಡ್ಡೆ ಈಗಲೂ ಪ್ರತಿ ಚಳಿಗಾಲ ಚಿಗುರುತ್ತದೆ, ನೋಡಲು ಮಾತ್ರ ಚೆಲುವಾಗಿಲ್ಲ. ಬಿರುಕುಗಳ ನಡುವೆ ಬಿಳಿ ಹಿಟ್ಟು ತಿಗಣೆ ಅಡಗುವುದುಂಟು, ಮಲಗಿರುವಾಗ ಅದನ್ನೂ ಒಮ್ಮೆ ಬೆಳಕು ಹಾಕಿ ನೋಡಿ.

ಗಡ್ಡೆಗಣ್ಣು
ಮತ್ತೆ ಚಿಗುರಿದಾಗ ತುದಿ ಮುರಿಯದಂತೆ ಎಚ್ಚರ. ಮುರಿದರೂ ಪಕ್ಕದ ಮೊಗ್ಗಿನಿಂದ ಹೊರಡುತ್ತದೆ, ಆದರೆ ಸಮಯ ಹಾಳು.

ನೀರುಗಾರ
ನನ್ನ ಮೆಕ್ಸಿಕಾನಾದಲ್ಲಿ ಸಣ್ಣ ಹೂಗೊಂಚಲು ಬಂದಿದೆ. ಬೀಜ ಆಗುತ್ತದೆಯೇ? ಆದರೆ ಒಣಮಣ್ಣು ಅವರಿಗೆ ಕೊಡುವುದಿಲ್ಲ.

ಬೀಜಬುಟ್ಟಿ
ಒಂದೇ ಗಿಡವಿದ್ದರೆ ಆಗುವುದಿಲ್ಲ. ಈ ಕುಲದಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ಬೇರೆ ಬೇರೆ ಗಿಡಗಳು. ಹೂವಿನ ಹಿಂದೆ ಮೂರು ಅಂಚುಗಳ ಪುಟ್ಟ ಕಾಯಿಯಂಥ ಭಾಗ ಇದ್ದರೆ ಹೆಣ್ಣು, ಇಲ್ಲದಿದ್ದರೆ ಗಂಡು. ನೋಡಿ ತಿಳಿಸಿ, ನನ್ನ ಬಳಿ ಹೆಣ್ಣು ಗಿಡವಿದೆ.

ನೀರುಗಾರ
ಕಾಯಿಯಂಥದ್ದು ಏನೂ ಕಾಣುತ್ತಿಲ್ಲ. ಪರಾಗ ಬೇಕಾದರೆ ಹೂ ಬಿಚ್ಚಿರುವಾಗಲೇ ಹೇಳಿ, ಕಾಗದದ ಪೊಟ್ಟಣದಲ್ಲಿ ಕಳುಹಿಸುತ್ತೇನೆ. ಬೀಜವಾದರೆ ಅರ್ಧ ನನಗೆ.

ಬೀಜಬುಟ್ಟಿ
ಮೂರನೆಯ ಒಂದು ಪಾಲು. ಬಿತ್ತಿ ಬೆಳೆಸುವ ಕೆಲಸವೆಲ್ಲ ನನ್ನದೇ ಅಲ್ಲವೇ?